ದಿಕ್ಕಿಲ್ಲದವರ ಸೂರು: ರೋಣ–ನರಗುಂದ ಸೀಮೆಯ ಒಂದೂವರೆ ಶತಮಾನ

1876ರಲ್ಲಿ ಮುಂಗಾರು ಕೈಕೊಟ್ಟಿತು. ಜನ ನೆಚ್ಚಿಕೊಂಡಿದ್ದ ಹಿಂಗಾರೂ ಬರಲಿಲ್ಲ. ಎರೆ ಸೀಮೆಯಲ್ಲಿ ಹಿಂಗಾರು ತಪ್ಪಿದರೆ ಬಿಳಿಜೋಳ ತಪ್ಪಿತು, ಬಿಳಿಜೋಳ ತಪ್ಪಿದರೆ ರೊಟ್ಟಿ ತಪ್ಪಿತು. ರೋಣ ಆಗ ಧಾರವಾಡ ಜಿಲ್ಲೆಯ ತಾಲೂಕು. ಗಜೇಂದ್ರಗಡ ಅದರೊಳಗಿನ ಪೇಟೆ ಊರು. ನರಗುಂದ ನವಲಗುಂದಕ್ಕೆ ಸೇರಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಆ ಬರಕ್ಕೆ ಬೆಂದ ಭಾಗಗಳಲ್ಲಿ ಈ ಮೂಡಣ ತಾಲೂಕುಗಳೂ ಇದ್ದವು. 1872ರ ಗಣತಿಯಲ್ಲಿ ಹತ್ತು ಲಕ್ಷದ ಸಮೀಪವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ ಒಂಬತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು.

ಸರ್ಕಾರ ಬರದ ಕಾಮಗಾರಿ ತೆರೆಯಿತು. ಕಲ್ಲು ಒಡೆ, ಮಣ್ಣು ಹೊರು, ಕೂಲಿ ಪಡೆ ಎಂಬುದು ಕ್ರಮ. ದಿನಕ್ಕೊಂದು ಪೌಂಡ್ ಧಾನ್ಯವಿದ್ದರೆ ದುಡಿಯುವ ಆಳಿಗೆ ಸಾಕು ಎಂಬ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಅವರ ಲೆಕ್ಕಾಚಾರ ಆ ವರ್ಷಗಳಲ್ಲಿ ಕುಖ್ಯಾತವಾಯಿತು. ಆದರೆ ಕಲ್ಲು ಒಡೆಯಲಾಗದವರ ಗತಿ? ಕಣ್ಣಿಲ್ಲದವರು, ಕೈಕಾಲು ಸೋತವರು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಕಾಮಗಾರಿಗೆ ಬರಲಾರರು. ನೋಡಿಕೊಳ್ಳುತ್ತಿದ್ದ ಮನೆಮಂದಿ ಗುಳೆ ಎದ್ದು ಹೋದ ಮೇಲೆ ಅವರಿಗೆ ಮನೆಯೂ ಇಲ್ಲ. ಯಾರೂ ಇಲ್ಲದ ಅಂಗವಿಕಲರಿಗೆ ಸೂರು ಮತ್ತು ಅನ್ನ ಕೊಡುವ ಹೊಣೆ ಯಾರದು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸರ್ಕಾರದ ಮುಂದೆ ನೇರವಾಗಿ ಬಂದು ನಿಂತದ್ದು ಆಗ. ಅದಕ್ಕೆ ಸಿಕ್ಕ ಉತ್ತರಗಳು ಒಂದೂವರೆ ಶತಮಾನದಲ್ಲಿ ಹೇಗೆ ಬದಲಾದವು, ಎಲ್ಲಿ ಬದಲಾಗದೆ ಉಳಿದವು ಎಂಬುದನ್ನು ನೋಡಿದರೆ ಇವತ್ತು ಮಾಡಬೇಕಾದದ್ದು ಏನೆಂದು ಸ್ಪಷ್ಟವಾಗುತ್ತದೆ.

ಬರದ ಸಂಹಿತೆಯ ಪಟ್ಟಿ

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿ ಅವರ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಕೂತಿತು. 1880ರಲ್ಲಿ ವರದಿ ಬಂತು. ಅದರ ಆಧಾರದ ಮೇಲೆ ಪ್ರಾಂತ್ಯಗಳು ತಮ್ಮ ತಮ್ಮ ಕ್ಷಾಮ ಸಂಹಿತೆ ಬರೆದುಕೊಂಡವು. ಈ ಸಂಹಿತೆಗಳಲ್ಲಿ ಒಂದು ಮುಖ್ಯ ಮಾತು ಇತ್ತು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದವರಿಗೆ ಕೆಲಸ ಕೇಳದೆ ನೆರವು. ಗೌಡ, ಕುಲಕರ್ಣಿಯರ ಕೈಯಿಂದ ಊರೂರಲ್ಲಿ ಪಟ್ಟಿ ಆಗಬೇಕು. ಅಂಧರು, ಅಂಗವಿಕಲರು, ಬುದ್ಧಿಮಾಂದ್ಯರು, ಮುದುಕರು ಆ ಪಟ್ಟಿಯಲ್ಲಿ ಇರಬೇಕು. ನೋಡಿಕೊಳ್ಳಲು ಬಂಧುಗಳಿಲ್ಲವೆಂದು ಖಾತ್ರಿಯಾದರೆ ಕಾಳು ಇಲ್ಲವೆ ಕಾಸು ಕೊಡಬೇಕು. ಊರು ಬಿಟ್ಟು ಅಲೆಯುವವರಿಗೆ, ಮನೆಯೇ ಇಲ್ಲದವರಿಗೆ ಬಡವರ ಮನೆಗಳು. ಅಲ್ಲಿ ಮಲಗಲು ಜಾಗ, ಎರಡು ಹೊತ್ತಿನ ಊಟ, ಔಷಧಿ.

ಬೊಕ್ಕಸದ ಹಣದಿಂದ, ನಿಯಮ ಬರೆದು, ಹೆಸರು ದಾಖಲಿಸಿ ಅಸಹಾಯಕರಿಗೆ ಸೂರು ಕೊಡಬಹುದೆಂದು ಆಡಳಿತ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. 1896–97ರ ಬರಕ್ಕೂ 1899–1900ರ ಬರಕ್ಕೂ ಸಂಹಿತೆಯ ಪ್ರಕಾರವೇ ಕೆಲಸ ನಡೆಯಿತು. ಆದರೆ ಆ ನೆರವಿಗೆ ಒಂದು ಗಡುವಿತ್ತು. ಮಳೆ ಬಿದ್ದು ಬೆಳೆ ಕೈಗೆ ಬಂದೊಡನೆ ಬಡವರ ಮನೆ ಮುಚ್ಚುತ್ತಿತ್ತು, ಪಟ್ಟಿ ದಫ್ತರ ಸೇರುತ್ತಿತ್ತು. ಬರ ಹೋದರೂ ಅಂಧತ್ವ ಹೋಗುವುದಿಲ್ಲ ಎಂಬ ಸರಳ ಸತ್ಯಕ್ಕೆ ಆ ಕಡತದಲ್ಲಿ ಜಾಗವಿರಲಿಲ್ಲ. 1876ರ ಬರದ ಪಾಠದಿಂದ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮಾರ್ಗ 1884ರಲ್ಲಿ ರೋಣ ತಾಲೂಕಿನ ಹೊಳೆಆಲೂರಿನ ಮೇಲೆ ಹಾದುಹೋಯಿತು. ರೈಲು ಉಳಿಯಿತು, ಬಡವರ ಮನೆ ಉಳಿಯಲಿಲ್ಲ. ಕಬ್ಬಿಣಕ್ಕೆ, ಕಲ್ಲಿಗೆ ಶಾಶ್ವತ ಹಣ, ಮನುಷ್ಯರ ಆರೈಕೆಗೆ ತಾತ್ಕಾಲಿಕ ಹಣ ಎಂಬ ರೂಢಿ ಅಲ್ಲಿಂದಲೇ ಕಾಣಿಸುತ್ತದೆ.

ನಿಡಗುಂದಿಕೊಪ್ಪದಿಂದ ಗದಗಿಗೆ

ಸರ್ಕಾರ ಬಾಗಿಲು ಮುಚ್ಚಿದ ಕಾಲದಲ್ಲಿ ಬೇರೆ ಕಡೆಯಿಂದ ಬಾಗಿಲು ತೆರೆಯಿತು. ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದರು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಹುಟ್ಟಿನಿಂದಲೇ ಕಣ್ಣಿಲ್ಲದ ಗದಿಗೆಯ್ಯ ಎಂಬ ಹುಡುಗನ ಕಂಠವನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದವರು ಅವರೇ. ಆ ಹುಡುಗ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತು, ನೀಲಕಂಠಬುವಾ ಮಿರಜಕರ್ ಅವರಲ್ಲಿ ಹಿಂದುಸ್ತಾನಿ ಕಲಿತು ಪಂಚಾಕ್ಷರಿ ಗವಾಯಿಗಳಾದರು. ಮದುವೆಯಾಗದೆ, ಸ್ವಂತಕ್ಕೆ ಏನೂ ಮಾಡಿಕೊಳ್ಳದೆ, ಅಂಧ ಮತ್ತು ಅನಾಥ ಮಕ್ಕಳಿಗೆ ಬಾಳು ಕೊಡುವುದಾಗಿ ಗುರುವಿಗೆ ಮಾತು ಕೊಟ್ಟರು. 1914ರಲ್ಲಿ ರೋಣ ಸೀಮೆಯ ನಿಡಗುಂದಿಕೊಪ್ಪದಲ್ಲಿ ಅವರ ಸಂಚಾರಿ ಸಂಗೀತ ಶಾಲೆ ಆರಂಭವಾಯಿತೆಂದು ಮುಂದೆ ಗದಗಿನಲ್ಲಿ ನೆಲೆ ನಿಂತ ಅವರ ಆಶ್ರಮದ ಪರಂಪರೆ ನೆನೆಯುತ್ತದೆ. ಆ ಊರು ಈಗ ಗಜೇಂದ್ರಗಡ ತಾಲೂಕಿನಲ್ಲಿದೆ.

ಸಂಚಾರಿ ಎಂದರೆ ನಿಜವಾಗಿಯೂ ಸಂಚಾರಿ. ಹಾರ್ಮೋನಿಯಂ, ತಬಲಾ, ಹಾಸಿಗೆ ಗಂಟು ಕಟ್ಟಿಕೊಂಡು ಗುರುಶಿಷ್ಯರು ಊರಿಂದೂರಿಗೆ ನಡೆದರು. ಒಂದು ಊರಿನ ಮಠ ಕೆಲವು ತಿಂಗಳು ಇರಲು ಜಾಗ ಕೊಟ್ಟರೆ ಅಲ್ಲಿ ಪಾಠ. ಊರಲ್ಲಿ ಬರ ಬಿದ್ದು ಕಾಳು ಮುಗಿದರೆ ಮುಂದಿನ ಊರು. ಜೋಳಿಗೆ ಹಿಡಿದು ಮನೆಮನೆ ತಿರುಗಿ ತಂದ ಹಿಟ್ಟಿನಲ್ಲಿ ಮಕ್ಕಳ ರೊಟ್ಟಿ. ಹಣ ಸಾಲದೆ ನಾಟಕ ಕಂಪನಿಯನ್ನೂ ಕಟ್ಟಿದರು. ಟಿಕೆಟ್ ಹಣದಲ್ಲಿ ಮಕ್ಕಳ ಊಟ ಬಟ್ಟೆ ನಡೆಯಬೇಕಿತ್ತು. ಕಂಪನಿ ನಷ್ಟಕ್ಕೆ ಬಿದ್ದಾಗ ಹಸಿವು ನೇರ ಪಂಕ್ತಿಗೆ ಬರುತ್ತಿತ್ತು. ಇಂತಹ ಮೂರು ದಶಕಗಳ ಅಲೆದಾಟದ ಕೊನೆಗೆ, 1942ರಲ್ಲಿ, ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಕೊಟ್ಟ ಜಾಗದಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. ಎರಡೇ ವರ್ಷಕ್ಕೆ, 1944ರಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತು 2010ರ ಸೆಪ್ಟೆಂಬರ್ 17ರವರೆಗೆ, ಅರವತ್ತಾರು ವರ್ಷ, ಆ ಮನೆಯನ್ನು ನಡೆಸಿದರು.

ಆಶ್ರಮವನ್ನು ಸಂಗೀತದ ಮನೆಯಾಗಿ ನಾಡು ಬಲ್ಲದು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶ ಕುಮಾರ್ ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತವರು. ಆದರೆ ಈ ಲೇಖನದ ಮಟ್ಟಿಗೆ ಮುಖ್ಯವಾದದ್ದು ಅಲ್ಲಿಯ ವಾಸದ ಕ್ರಮ. ಕಣ್ಣಿದ್ದ ಬಡ ಹುಡುಗರೂ ಕಣ್ಣಿಲ್ಲದವರೂ ಒಂದೇ ಸೂರಿನಡಿ ಇದ್ದರು. ಕಣ್ಣಿದ್ದವನು ಕಣ್ಣಿಲ್ಲದವನ ಕೈಹಿಡಿದು ನಡೆಸಿದ. ಕಣ್ಣಿಲ್ಲದ ಹಿರಿಯ ಕಣ್ಣಿದ್ದ ಕಿರಿಯನಿಗೆ ಸ್ವರ ತಿದ್ದಿದ. ದೊಡ್ಡವನಾದ ಮೇಲೆ ಹೊರಗೆ ಹೋಗು ಎಂಬ ಮಾತಿರಲಿಲ್ಲ. ಹೋಗಬಲ್ಲವನು ಕೀರ್ತನಕಾರನಾಗಿ, ಶಾಲೆಯ ಸಂಗೀತ ಶಿಕ್ಷಕನಾಗಿ ಹೋದ, ಹೋಗಲಾರದವನು ಉಳಿದ. ಶ್ರಾವಣ ಮಾಸ ಬಂತೆಂದರೆ ಉತ್ತರ ಕರ್ನಾಟಕದ ಹಳ್ಳಿ ಮಠಗಳಲ್ಲಿ ಪುರಾಣ ಹಚ್ಚುವುದು, ಅದಕ್ಕೆ ಗದಗಿನ ಆಶ್ರಮದ ಗವಾಯಿ, ತಬಲಾದವರು ಬರುವುದು ಇಂದಿಗೂ ಉಂಟು. ದಾನ ಪಡೆದ ಊರಿಗೆ ಅಂಧ ಕಲಾವಿದ ತನ್ನ ವಿದ್ಯೆ ಕೊಟ್ಟು ಹೋಗುತ್ತಾನೆ. ಗೌರವಧನ ಜೇಬಿಗೆ ಬರುತ್ತದೆ, ಮರ್ಯಾದೆ ಜೊತೆಗೆ ಬರುತ್ತದೆ.

ವಾಸ, ಆರೈಕೆ, ದುಡಿಮೆ, ಮರ್ಯಾದೆ ನಾಲ್ಕೂ ಒಂದೇ ಕಡೆ ಸಿಗುವ ಇಂತಹ ವಸತಿಯನ್ನು ಜಗತ್ತಿನ ಸರ್ಕಾರಗಳು ನೀತಿಯಾಗಿ ಬರೆಯುವುದಕ್ಕಿಂತ ಎಷ್ಟೋ ಮೊದಲು ಈ ನೆಲದ ಇಬ್ಬರು ಅಂಧರು ಕಟ್ಟಿ ತೋರಿಸಿದರು. ಅದಕ್ಕೆ ಬೆಲೆ ತೆತ್ತವರು ಭಕ್ತರು. ಪುಟ್ಟರಾಜ ಅಜ್ಜನವರಿಗೆ ಊರೂರಲ್ಲಿ ನಡೆದ ತುಲಾಭಾರಗಳ ನಾಣ್ಯ, ರೈತರು ಹೇರಿ ಕಳಿಸಿದ ಜೋಳದ ಚೀಲ, ನಾಟಕದ ಗಲ್ಲಾಪೆಟ್ಟಿಗೆ ಇವೇ ಆಶ್ರಮದ ಬಜೆಟ್ ಆಗಿದ್ದವು. 2010ರಲ್ಲಿ ಕೇಂದ್ರ ಸರ್ಕಾರ ಪುಟ್ಟರಾಜರಿಗೆ ಪದ್ಮಭೂಷಣ ಕೊಟ್ಟಿತು. ಪ್ರಶಸ್ತಿ ಸಲ್ಲಬೇಕಾದದ್ದೇ. ಆದರೆ ಅವರು ಮಾಡಿದ ಕೆಲಸ ಸರ್ಕಾರದ್ದೂ ಆಗಿತ್ತಲ್ಲ ಎಂಬ ಪ್ರಶ್ನೆಗೆ ಪ್ರಶಸ್ತಿ ಉತ್ತರವಾಗಲಾರದು. ಸ್ವರ ಹಿಡಿಯಲಾರದ ಅಂಗವಿಕಲರು, ಮನೋರೋಗಿಗಳು, ಹಾಸಿಗೆ ಬಿಟ್ಟು ಏಳಲಾರದವರು, ಒಂಟಿ ಹೆಂಗಸರು ಇಂತಹ ಸಂಗೀತಾಶ್ರಮಕ್ಕೆ ಬಂದು ಬಾಳುವುದು ಸುಲಭವಲ್ಲ. ಅವರ ಪಾಲಿಗೆ ಉಳಿದದ್ದು ಗುಡಿಯ ಕಟ್ಟೆ, ಬಸ್ ಸ್ಟ್ಯಾಂಡು, ಸಂತೆ ಕಟ್ಟೆಯ ಮರೆ.

ಭಿಕ್ಷುಕರ ಕರ

ಬೀದಿಯಲ್ಲಿದ್ದವರ ಕಡೆ ಸರ್ಕಾರ ನೋಡಿದ್ದು ಕಾನೂನಿನ ಕಣ್ಣಿನಿಂದ. 1898ರ ಕುಷ್ಠರೋಗಿಗಳ ಕಾಯ್ದೆ ದಿಕ್ಕಿಲ್ಲದ ಬಡ ಕುಷ್ಠರೋಗಿಯನ್ನು ಹಿಡಿದು ಆಶ್ರಯಧಾಮದಲ್ಲಿ ಇಡಲು ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನ 1944ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಮಾಡಿತು. ಮುಂಬಯಿ ಪ್ರಾಂತ್ಯ 1945ರಲ್ಲಿ ತನ್ನದನ್ನು ಮಾಡಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದದ್ದು 1975ರಲ್ಲಿ.

ಈ ಕಾಯ್ದೆಯೊಳಗೆ ಎರಡು ವಿರುದ್ಧ ಸಂಗತಿಗಳು ಒಟ್ಟಿಗೆ ಕೂತಿವೆ. ಒಂದು, ಬೇಡುವವರನ್ನು ಹಿಡಿದು ತಂದು, ವಿಚಾರಣೆ ನಡೆಸಿ, ಒಂದರಿಂದ ಮೂರು ವರ್ಷ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ಎರಡು, ಆ ಕೇಂದ್ರಗಳಿಗೆ ಹಣ ಎಲ್ಲಿಂದ ಎಂಬುದಕ್ಕೆ ಖಚಿತ ಉತ್ತರ: ಕಟ್ಟಡ ಮತ್ತು ಭೂಮಿಯ ತೆರಿಗೆಯ ಮೇಲೆ ಶೇ. 3 ಉಪಕರ. ರೋಣದ ಪುರಸಭೆಯಲ್ಲಿ ಘರಪಟ್ಟಿ ಕಟ್ಟುವವರೂ, ಹಳ್ಳಿಯ ಪಂಚಾಯಿತಿಯಲ್ಲಿ ಮನೆ ತೆರಿಗೆ ಕಟ್ಟುವವರೂ ರಸೀದಿಯಲ್ಲಿ ಗ್ರಂಥಾಲಯ ಕರದ ಪಕ್ಕದಲ್ಲೇ ಭಿಕ್ಷುಕರ ಕರವನ್ನು ಕಾಣಬಹುದು. ಮನೆಯಿಲ್ಲದವರ ವಸತಿಗೆಂದೇ ಮನೆಯಿದ್ದ ಪ್ರತಿಯೊಬ್ಬರಿಂದ ಕಾಯಂ ತೆರಿಗೆ ಎತ್ತುವ ವ್ಯವಸ್ಥೆ ದೇಶದಲ್ಲೇ ಅಪರೂಪ. ಬರದ ಸಂಹಿತೆಗೆ ಇಲ್ಲದಿದ್ದ ಶಾಶ್ವತ ಹಣದ ಮೂಲ ಕೊನೆಗೂ ಕಾನೂನಿನಲ್ಲಿ ಸಿಕ್ಕಿತ್ತು.

ಹಣ ಹೋದ ದಾರಿ ಮಾತ್ರ ಬೇರೆ. ಪರಿಹಾರ ಕೇಂದ್ರಗಳು ಎಲ್ಲ ಜಿಲ್ಲೆಗಳಲ್ಲೂ ಆಗಲಿಲ್ಲ, ತಾಲೂಕಿನ ಮಾತಂತೂ ದೂರ. ಇರುವ ದೊಡ್ಡ ಕೇಂದ್ರಗಳಿಗೆ ಊರೂರಿನಿಂದ ತಂದವರನ್ನು ತುಂಬಿಸಲಾಯಿತು. ಅವರಲ್ಲಿ ಮನೋರೋಗಿಗಳು, ಕಿವುಡರು, ವೃದ್ಧರು, ಭಾಷೆ ಬರದ ಹೊರನಾಡಿನವರು ಇದ್ದರು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಾಲು ಸಾಲಾಗಿ ನಿವಾಸಿಗಳು ಸತ್ತರು. ಅಂದಿನ ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ಎಕರೆಗಟ್ಟಲೆ ಜಾಗವಿತ್ತು, ಕಟ್ಟಡಗಳಿದ್ದವು, ಉಪಕರದ ಆದಾಯವಿತ್ತು. ಬಂದವರಲ್ಲಿ ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಗುಳಿಗೆ, ಯಾರು ಊಟ ಬಿಟ್ಟಿದ್ದಾರೆ ಎಂದು ದಿನದಿನ ನೋಡುವ ಸಾಕಷ್ಟು ಜನ ಇರಲಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ಅಲ್ಲಿಗೆ ಅನ್ವಯಿಸುತ್ತಿದ್ದ ಭಿಕ್ಷಾಟನೆ ಕಾಯ್ದೆಯ ಶಿಕ್ಷೆಯ ಅಂಶಗಳನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಬಡತನವೇ ಅಪರಾಧವಾಗಬಾರದು ಎಂಬ ಆ ನ್ಯಾಯ ನಮ್ಮ ಉಪಕರದ ಹಣಕ್ಕೂ ಹೊಸ ದಿಕ್ಕು ತೋರಿಸುತ್ತದೆ. ಹಿಡಿದಿಡುವುದಕ್ಕೆ ಎತ್ತಿದ ಹಣವನ್ನು ಅವರವರ ಊರಲ್ಲೇ ಬದುಕುವುದಕ್ಕೆ ಬಳಸಬೇಕು.

ಕೀಲಿ ಕೊಟ್ಟ ಮನೆಗಳು

ಸರ್ಕಾರದ ವಸತಿ ಯೋಜನೆಗಳು ಇನ್ನೊಂದು ಹಾದಿಯಲ್ಲಿ ಬಂದವು. 1991–92ರಲ್ಲಿ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಆಮೇಲೆ ವಿಶೇಷ ವರ್ಗದವರಿಗೆಂದು ದೇವರಾಜ ಅರಸು ವಸತಿ ಯೋಜನೆ. ಈ ಕೊನೆಯದರಲ್ಲಿ ಅಂಗವಿಕಲರು, ಕುಷ್ಠರೋಗದಿಂದ ಗುಣವಾದವರು, ಮಾಜಿ ದೇವದಾಸಿಯರು, ಅಲೆಮಾರಿಗಳು ಮೊದಲಾದವರು ಸೇರಿದ್ದಾರೆ. 1995ರ ಅಂಗವಿಕಲರ ಕಾಯ್ದೆ ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ. 3ಕ್ಕೆ ಕಡಿಮೆಯಿಲ್ಲದ ಮೀಸಲಾತಿ ಹೇಳಿತು. 2016ರ ಕಾಯ್ದೆ ವಸತಿ ಮತ್ತು ಕೃಷಿ ಭೂಮಿ ಹಂಚಿಕೆಯಲ್ಲಿ ಅದನ್ನು ಶೇ. 5ಕ್ಕೆ ಏರಿಸಿತು, ಅದರಲ್ಲೂ ಅಂಗವಿಕಲ ಮಹಿಳೆಯರಿಗೆ ಆದ್ಯತೆ ಕೊಟ್ಟಿತು.

ಸೈಟು ಇದ್ದ, ಹೆಸರಿಗೆ ರೇಷನ್ ಕಾರ್ಡು ಇದ್ದ, ಬಿಲ್ಲಿಗಾಗಿ ಪಂಚಾಯಿತಿ ಸುತ್ತಬಲ್ಲ ಬಂಧು ಇದ್ದ ಅಂಗವಿಕಲರಿಗೆ ಇವುಗಳಿಂದ ಮನೆ ಆಗಿದೆ. ಏನೂ ಇಲ್ಲದವರಿಗೆ ಅರ್ಜಿಯ ಮೊದಲ ಸಾಲೇ ಅಡ್ಡಗೋಡೆ. ವಿಳಾಸ ಇಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಪಟ್ಟಿಯಲ್ಲಿ ಹೆಸರಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು, ಕರೆದೊಯ್ಯುವವರು ಬೇಕು. ಇದನ್ನೆಲ್ಲ ದಾಟಿ ಮನೆ ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ನಡೆಯಲಾರದ ಒಂಟಿ ಮನುಷ್ಯ ಆ ನಾಲ್ಕು ಗೋಡೆಯ ನಡುವೆ ನೀರು ತರುವುದು ಹೇಗೆ, ಒಲೆ ಹಚ್ಚುವುದು ಹೇಗೆ, ಜ್ವರ ಬಂದ ರಾತ್ರಿ ಯಾರನ್ನು ಕೂಗುವುದು?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಹಾಪೂರ ಇದನ್ನು ಇಡೀ ಊರುಗಳ ಮಟ್ಟದಲ್ಲಿ ತೋರಿಸಿಕೊಟ್ಟಿತು. ಮಲಪ್ರಭೆ ಮತ್ತು ಬೆಣ್ಣೆಹಳ್ಳ ಉಕ್ಕಿ ನರಗುಂದ, ರೋಣ ತಾಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ದಾನಿಗಳ ನೆರವು ಪಡೆದು ಸರ್ಕಾರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿತು. ಹತ್ತು ವರ್ಷದ ಮೇಲೆ, 2019ರ ಆಗಸ್ಟ್‌ನಲ್ಲಿ, ಮತ್ತೆ ಹೊಳೆ ಬಂದಾಗ ಹಳೆಯ ಊರುಗಳಲ್ಲಿ ಜನ ಇದ್ದೇ ಇದ್ದರು. ಆಸರೆ ಮನೆಗಳ ಎಷ್ಟೋ ಸಾಲುಗಳು ಖಾಲಿ ಬಿದ್ದು ಜಾಲಿಕಂಟಿ ಬೆಳೆದದ್ದು ಉತ್ತರ ಕರ್ನಾಟಕದ ಜನ ಕಣ್ಣಾರೆ ಕಂಡ ಸಂಗತಿ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರು ದೀಪ ಸರಿಯಿಲ್ಲ ಎಂಬ ಕಾರಣಗಳು ಎಲ್ಲರಿಗೂ ಗೊತ್ತು. ಕೈಕಾಲು ಗಟ್ಟಿ ಇರುವವರಿಗೇ ಬರಿಯ ಗೋಡೆ ಮನೆಯಾಗಲಿಲ್ಲ. ಇನ್ನೊಬ್ಬರ ಕೈ ಹಿಡಿದೇ ಬದುಕಬೇಕಾದವರಿಗೆ ಬರಿಯ ಗೋಡೆ ಸಾಲುವುದು ಹೇಗೆ?

ಕಾನೂನು ಬಂದ ದಶಕಗಳು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸುಟ್ಟು ಸತ್ತರು. ದೇಶ ಬೆಚ್ಚಿತು. 2007ರ ಅಕ್ಟೋಬರ್ 1ರಂದು ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ಅದರ 19ನೇ ವಿಧಿ ಎಲ್ಲಿ, ಯಾರ ಜೊತೆ ಬಾಳಬೇಕೆಂದು ಆರಿಸಿಕೊಳ್ಳುವ ಹಕ್ಕು ಅಂಗವಿಕಲರಿಗೂ ಉಂಟು, ಅದಕ್ಕೆ ಬೇಕಾದ ನೆರವು ಸಮುದಾಯದೊಳಗೇ ಸಿಗಬೇಕು ಎನ್ನುತ್ತದೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಕುಟುಂಬವಿಲ್ಲದ, ಕೈಬಿಟ್ಟ, ಸೂರಿಲ್ಲದ ಅಂಗವಿಕಲರಿಗೆ ಸೌಲಭ್ಯ ಒದಗಿಸುವುದನ್ನು ಸರ್ಕಾರದ ಯೋಜನೆಗಳ ಭಾಗವಾಗಿ ಹೆಸರಿಸಿತು. ಇತರರಿಗೆ ಕೊಡುವ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕೆಂದಿತು. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಗುಣವಾದವರು ಮನೆಯಿಲ್ಲವೆಂಬ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲಿ ಕೊಳೆಯಬಾರದು, ಅವರಿಗೆ ಆರೈಕೆಯುಳ್ಳ ವಸತಿ ಸಿಗಬೇಕು ಎಂದಿತು.

ಬಯಲಲ್ಲಿ ಮಲಗುವವರಿಗಾಗಿ ಸುಪ್ರೀಂ ಕೋರ್ಟಿನ ಆದೇಶಗಳು 2010ರಿಂದ ಬಂದವು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ವಸತಿರಹಿತರ ಆಶ್ರಯ ಕೇಂದ್ರಗಳ ಯೋಜನೆ ರೂಪುಗೊಂಡಿತು. ಒಂದು ಲಕ್ಷ ಜನಕ್ಕೆ ನೂರು ಮಂದಿಯ ಒಂದು ಕಾಯಂ ಆಶ್ರಯ, ತಲೆಗೆ ಕನಿಷ್ಠ 50 ಚದರ ಅಡಿ ಎಂಬುದು ಅದರ ಅಳತೆ. ಈ ಅಳತೆಯಲ್ಲಿ, 2011ರಲ್ಲಿ 1.7 ಲಕ್ಷ ದಾಟಿದ್ದ ಗದಗ-ಬೆಟಗೇರಿ ಲೆಕ್ಕಕ್ಕೆ ಬರುತ್ತದೆ. ನಲವತ್ತು ಸಾವಿರಕ್ಕಿಂತ ಕಡಿಮೆ ಜನರ ರೋಣ, ನರಗುಂದ, ಗಜೇಂದ್ರಗಡ ಜರಡಿಯ ಕಣ್ಣಿನಿಂದ ಜಾರುತ್ತವೆ. ಸಣ್ಣ ಊರಿನಲ್ಲಿ ದಿಕ್ಕಿಲ್ಲದವರು ನೂರು ಮಂದಿ ಇರಲಾರರು. ನಾಲ್ಕೈದು ಜನ ಇರುತ್ತಾರೆ, ಊರಿಗೆಲ್ಲ ಅವರ ಗುರುತು ಇರುತ್ತದೆ. ಅವರನ್ನು ಪರಜಿಲ್ಲೆಯ ದೊಡ್ಡ ಕೇಂದ್ರಕ್ಕೆ ಸಾಗಿಸಿದರೆ ಇರುವ ಒಂದು ಗುರುತನ್ನೂ ಕಿತ್ತುಕೊಂಡಂತೆ.

ಮಕ್ಕಳ ವಿಷಯದಲ್ಲಿ ಸರ್ಕಾರ ಇದಕ್ಕಿಂತ ಮುಂದೆ ಹೋಗಿದೆ. ವಿಶೇಷ ಶಾಲೆಗಳಿಗೆ ರಾಜ್ಯದ ಅನುದಾನ ಇದೆ. 2010–11ರಿಂದ ಶಿಶು ಕೇಂದ್ರಿತ ಯೋಜನೆಯಲ್ಲಿ ಮಗುವಿನ ತಲೆ ಎಣಿಸಿ ಸಂಸ್ಥೆಗೆ ಹಣ ಬರುತ್ತದೆ. ಮಗು ಬೆಳೆದು ದೊಡ್ಡದಾದ ದಿನ ಆ ಹಣ ನಿಲ್ಲುತ್ತದೆ. ಮುಂದೆ ಇರುವುದು ಪಿಂಚಣಿ. ಅದರಲ್ಲಿ ಕೇಂದ್ರದ ಪಾಲು 2012ರಿಂದ ತಿಂಗಳಿಗೆ 300 ರೂಪಾಯಿ. ಉಳಿದದ್ದು ರಾಜ್ಯ ಸೇರಿಸುವ ಹಣ. ಈ ಮೊತ್ತದಲ್ಲಿ ಬಾಡಿಗೆ ಕೊಟ್ಟು, ಊಟ ಮಾಡಿ, ಕೈಗಾವಲಿಗೆ ಒಬ್ಬರನ್ನು ಇಟ್ಟುಕೊಳ್ಳುವುದು ಯಾರಿಂದಲೂ ಆಗದು. ಆಟಿಸಂ, ಬುದ್ಧಿಮಾಂದ್ಯತೆ, ಬಹುವೈಕಲ್ಯವುಳ್ಳ ವಯಸ್ಕರಿಗೆ ಜೀವನಪರ್ಯಂತದ ಸಾಮೂಹಿಕ ಮನೆಗಾಗಿ ರಾಷ್ಟ್ರೀಯ ನ್ಯಾಸದ ಘರೌಂದಾ ಯೋಜನೆ ಇದೆ. ಆದರೆ ಅದನ್ನು ಕೇಳಲು ನೋಂದಾಯಿತ ಸಂಸ್ಥೆ ಬೇಕು. ಅಂತಹ ಸಂಸ್ಥೆಗಳು ದೊಡ್ಡ ನಗರಗಳಲ್ಲಿ ಸಿಗುವಂತೆ ತಾಲೂಕಿನ ಊರುಗಳಲ್ಲಿ ಸಿಗುವುದಿಲ್ಲ.

ಕೈಗೆ ಸಂಬಳ

ಬೇರೆಡೆ ಏನು ಮಾಡಿದ್ದಾರೆ? ಅಮೆರಿಕ 1990ರ ವಸತಿ ಕಾಯ್ದೆಯಲ್ಲಿ ಅಂಗವಿಕಲರ ಆರೈಕೆ ವಸತಿಗೆಂದೇ 811ನೇ ಸೆಕ್ಷನ್ ಇಟ್ಟಿತು. ಲಾಭರಹಿತ ಸಂಸ್ಥೆ ಮನೆ ಕಟ್ಟಲು ಸರ್ಕಾರ ಬಡ್ಡಿಯಿಲ್ಲದ ಹಣ ಕೊಡುತ್ತದೆ. ನಲವತ್ತು ವರ್ಷ ಅದೇ ಕೆಲಸಕ್ಕೆ ಬಳಸಿದರೆ ಹಣ ಹಿಂದಿರುಗಿಸಬೇಕಿಲ್ಲ. ನಿವಾಸಿ ತನ್ನ ಆದಾಯದ ಶೇ. 30ರಷ್ಟು ಬಾಡಿಗೆ ಕೊಟ್ಟರೆ ಉಳಿದದ್ದನ್ನು ಸರ್ಕಾರ ತುಂಬುತ್ತದೆ. ನಮಗೆ ಇನ್ನೂ ಹತ್ತಿರದ ಮಾದರಿ ಚೆನ್ನೈನ ಬ್ಯಾನಿಯನ್ ಸಂಸ್ಥೆಯದು. ಬೀದಿಯಲ್ಲಿ ಸಿಕ್ಕು, ಚಿಕಿತ್ಸೆ ಪಡೆದು, ಹೋಗಲು ಮನೆಯಿಲ್ಲದೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದ ಮಹಿಳೆಯರಿಗಾಗಿ ಆ ಸಂಸ್ಥೆ 2015ರಲ್ಲಿ ‘ಹೋಮ್ ಅಗೇನ್’ ಆರಂಭಿಸಿತು. ಊರೊಳಗೆ ಸಾಮಾನ್ಯ ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಜನ, ಜೊತೆಗೆ ಸಂಬಳಕ್ಕಿರುವ ಸ್ಥಳೀಯ ಸಹಾಯಕಿಯರು. ಅಲ್ಲಿ ಅವರು ಅಡುಗೆ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ನೆರೆಯವರ ಹಬ್ಬಕ್ಕೆ ಹೋಗಿ ಬರುತ್ತಾರೆ.

ಇಂತಹ ಮನೆಗೆ ಬೇಕಾದ ತುಂಡುಗಳು ನಮ್ಮ ಮೂರು ಊರುಗಳಲ್ಲೂ ಇವೆ. ಸ್ಥಳೀಯ ಸಂಸ್ಥೆಗಳು ಸ್ವಂತ ವರಮಾನದಲ್ಲಿ ಅಂಗವಿಕಲರಿಗೆಂದು ಶೇ. 5 ತೆಗೆದಿಡಬೇಕೆಂಬ ನಿಯಮವಿದೆ. ಮೊದಲು ಅದು ಶೇ. 3 ಇತ್ತು. ಆ ಹಣ ಬಹುಮಟ್ಟಿಗೆ ತ್ರಿಚಕ್ರ ವಾಹನ, ಶ್ರವಣ ಸಾಧನಗಳಂತಹ ಒಮ್ಮೆ ಹಂಚಿ ಫೋಟೋ ತೆಗೆಸಿಕೊಳ್ಳುವ ವಸ್ತುಗಳಿಗೆ ಹೋಗುತ್ತದೆ. ಭಿಕ್ಷುಕರ ಕರ ಪ್ರತಿ ವರ್ಷ ವಸೂಲಾಗುತ್ತಲೇ ಇದೆ. 2007–08ರಿಂದ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಯಾವ ಓಣಿಯ ಯಾವ ಪಡಸಾಲೆಯಲ್ಲಿ ಯಾರು ಬಿದ್ದುಕೊಂಡಿದ್ದಾರೆಂದು ಬಲ್ಲವರು. ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ತಾಲೂಕು ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. 1997ರಲ್ಲಿ ಗದಗ ಜಿಲ್ಲೆಯಾಗಿ, 2018ರಲ್ಲಿ ಗಜೇಂದ್ರಗಡ ತಾಲೂಕಾಗಿ, ಆಡಳಿತದ ಕಚೇರಿ ಜನರ ಹತ್ತಿರ ಬಂದಿದೆ.

ಬರದ ಕಾಲದ ಬಡವರ ಮನೆಯಿಂದ ಆಸರೆ ಕಾಲೊನಿಯವರೆಗೆ ಸರ್ಕಾರ ಕಟ್ಟಡಕ್ಕೆ, ಕಾಳಿಗೆ, ಕಾವಲಿಗೆ ಹಣ ಕೊಟ್ಟಿದೆ. ಎತ್ತಿ ಕೂರಿಸುವ, ಉಣ್ಣಿಸುವ, ಗುಳಿಗೆ ನೆನಪಿಸುವ, ರಾತ್ರಿ ಎದ್ದು ಓಗೊಡುವ ಕೈಗೆ ಕಾಯಂ ಸಂಬಳ ಕೊಟ್ಟ ಉದಾಹರಣೆ ಇಲ್ಲಿ ಹುಡುಕಿದರೆ ಕಷ್ಟಕ್ಕೆ ಸಿಗುತ್ತದೆ. ಆ ಕೈಯನ್ನು ಪುಣ್ಯಾಶ್ರಮ ಭಕ್ತಿಯಿಂದ ಸಂಪಾದಿಸಿತು. ಉಳಿದ ಕಡೆ ತಾಯಿ, ಅಕ್ಕ, ಅತ್ತಿಗೆಯರು ಪುಕ್ಕಟೆ ದುಡಿದರು. ತಾಯಿ ತೀರಿಕೊಂಡ ದಿನ ಎಷ್ಟೋ ಅಂಗವಿಕಲರು ಮನೆಯಿದ್ದೂ ನಿರ್ವಸತಿಗರಾದದ್ದು ಇದೇ ಕಾರಣಕ್ಕೆ. ಸೂರು ಎನ್ನುವುದರಲ್ಲಿ ಅರ್ಧ ಚಾವಣಿ, ಅರ್ಧ ಮನುಷ್ಯರು. ಎರಡನೆಯ ಅರ್ಧಕ್ಕೆ ಹಣ ಮಂಜೂರಾಗದ ಹೊರತು ಮೊದಲನೆಯ ಅರ್ಧ ಖಾಲಿಯೇ ಬೀಳುತ್ತದೆ.

ಪ್ರತಿ ವರ್ಷ ಬಜೆಟ್ ಮಂಡಿಸುವ ಮೊದಲು ಪುರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ರಸ್ತೆ, ಗಟಾರು, ಬೀದಿದೀಪದ ಬೇಡಿಕೆಗಳ ನಡುವೆ ರೋಣ, ನರಗುಂದ, ಗಜೇಂದ್ರಗಡದ ನಾಗರಿಕರು ಈ ಸಲ ಇನ್ನೊಂದನ್ನು ಬರೆದು ಕೊಡಲಿ: ಊರೊಳಗೆ ಮೆಟ್ಟಿಲಿಲ್ಲದ ಒಂದು ಬಾಡಿಗೆ ಮನೆ, ಅದರಲ್ಲಿ ಐದು ಜನರಿಗೆ ಜಾಗ, ಹಗಲಿಗೊಬ್ಬರು ರಾತ್ರಿಗೊಬ್ಬರಂತೆ ಇಬ್ಬರು ಸಹಾಯಕರು, ಮತ್ತು ಅವರ ವೇತನಕ್ಕೆಂದು ಬಜೆಟ್ ಪುಸ್ತಕದಲ್ಲಿ ಪ್ರತಿ ವರ್ಷವೂ ಮುಂದುವರಿಯುವ ಒಂದು ಲೆಕ್ಕ ಶೀರ್ಷಿಕೆ.